ಅಡಿಕೆ ಚೊಗರಿನ ಬಣ್ಣ, ಭೀಮನಕೋಣೆಯ ಮಗ್ಗ

ಬೆಂಗಳೂರಿನ ಪದ್ಮನಾಭನಗರದ ಬೆಳಗಿನ ವಾಕಿಂಗ್‌ನಲ್ಲಿ, ಸಂಜೆಯ ಸಂಗೀತ ಕಛೇರಿಗಳಲ್ಲಿ, ಭಾನುವಾರದ ಪುಸ್ತಕ ಬಿಡುಗಡೆಗಳಲ್ಲಿ ಒಂದು ಬಗೆಯ ಜುಬ್ಬಾ ಪದೇಪದೇ ಕಣ್ಣಿಗೆ ಬೀಳುತ್ತದೆ. ದಪ್ಪ ಹತ್ತಿ ಬಟ್ಟೆ. ಬಣ್ಣ ಪೂರ್ತಿ ಕೆಂಪೂ ಅಲ್ಲ, ಪೂರ್ತಿ ಕಂದೂ ಅಲ್ಲ. ಬೇಯಿಸಿ ಒಣಗಿಸಿದ ಕೆಂಪಡಿಕೆಯದೇ ಬಣ್ಣ. ಅದು ಅಡಿಕೆಯಿಂದಲೇ ಬಂದ ಬಣ್ಣವೂ ಹೌದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಹೆಂಗಸರು ಈ ಬಣ್ಣ ಹಾಕಿ ಬಟ್ಟೆ ನೇಯುತ್ತಾರೆ. ಅವರ ಸಂಸ್ಥೆಯ ಹೆಸರು ‘ಚರಕ’, ಮಹಿಳೆಯರ ವಿವಿಧೋದ್ದೇಶ ಕೈಗಾರಿಕಾ ಸಹಕಾರ ಸಂಘ. ಅವರ ಬಟ್ಟೆಯನ್ನು ನಗರಕ್ಕೆ ತಂದು ಮಾರುವ ಅಂಗಡಿಗಳ ಹೆಸರು ‘ದೇಸಿ’.

ಚರಕದ ಬಗ್ಗೆ ಬರೆಯಬೇಕೆನಿಸಿದ್ದೇ ಈ ಬಣ್ಣದಿಂದ. ಹಾಗಾಗಿ ಮೊದಲು ಅದರ ಮಾತು.

ನಮ್ಮ ಬೀದಿಯಲ್ಲಿ ಸಾಗರ ಸೀಮೆಯಿಂದ ಬಂದು ನೆಲೆಸಿದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಅಮ್ಮಮ್ಮ ಎಂದೇ ಕರೆಯುವುದು. ಅಡಿಕೆ ಕೊಯ್ಲಿನ ಸುದ್ದಿ ಎತ್ತಿದರೆ ಸಾಕು, ಅವರ ಮಾತು ನಿಲ್ಲುವುದಿಲ್ಲ. ದೀಪಾವಳಿ ಸುಮಾರಿಗೆ ಕೊನೆ ಇಳಿಸಲು ಶುರು. ಹಸಿರಾಗಿರುವಾಗಲೇ ಕೊಯ್ದ ಕಾಯಿಯನ್ನು ಅಂಗಳದಲ್ಲಿ ರಾಶಿ ಹಾಕಿ, ಊರ ಹೆಂಗಸರು ಸಾಲಾಗಿ ಮೆಟ್ಟುಗತ್ತಿಯ ಮೇಲೆ ಕೂತು ರಾತ್ರಿಯವರೆಗೂ ಸುಲಿಯುತ್ತಿದ್ದರಂತೆ. ಕೂಲಿ ದಿನದ ಲೆಕ್ಕದ್ದಲ್ಲ, ಸುಲಿದ ಅಡಿಕೆಯ ಅಳತೆಯದ್ದು. ಸುಲಿಯುವವರ ಬೆರಳು ಕಪ್ಪಾದರೆ ಹಂಗಾಮು ಮುಗಿಯುವವರೆಗೂ ಬಿಳಿಯಾಗುತ್ತಿರಲಿಲ್ಲ. ಸುಲಿದ ಅಡಿಕೆ ದೊಡ್ಡ ಹಂಡೆಗೆ ಬೀಳುತ್ತಿತ್ತು. ಬೆಂದ ಅಡಿಕೆಯನ್ನು ಜಾಲರಿ ಸೌಟಿನಲ್ಲಿ ಎತ್ತಿ ಬಿಸಿಲಿಗೆ ಹರವಿ, ಅದೇ ನೀರಿಗೆ ಮತ್ತೊಂದು ರಾಶಿ ಸುರಿಯುತ್ತಿದ್ದರು. ಹೀಗೆ ಬೆಂದು ಬೆಂದು ಗಟ್ಟಿಯಾಗುವ ಕಡುಗೆಂಪು ರಸವೇ ಚೊಗರು. ಅದನ್ನು ಚೆಲ್ಲುವ ಮಾತೇ ಇಲ್ಲ. ಅಡಿಕೆಗೆ ಒಳ್ಳೆಯ ಬಣ್ಣ ಬರಲೆಂದು ಮುಂದಿನ ವರ್ಷಕ್ಕೂ ಒಂದಿಷ್ಟು ತೆಗೆದಿಡುತ್ತಿದ್ದರು. ಸಣ್ಣವರಿದ್ದಾಗ ಬಿಳಿ ಲಂಗಕ್ಕೆ ಚೊಗರು ಚೆಲ್ಲಿಕೊಂಡು ಬೈಸಿಕೊಂಡದ್ದು ಅಮ್ಮಮ್ಮನಿಗೆ ಇನ್ನೂ ನೆನಪಿದೆ. ಯಾವ ಸೋಪು ಹಾಕಿ ತಿಕ್ಕಿದರೂ ಆ ಕಲೆ ಹೋಗಲಿಲ್ಲವಂತೆ.

ಹೋಗದಿರುವುದೇ ಚೊಗರಿನ ಗುಣ. ಅದರಲ್ಲಿರುವ ಒಗರು, ಅಂದರೆ ಟ್ಯಾನಿನ್, ಹತ್ತಿ ನೂಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಣ್ಣ ಹಾಕುವ ಮುಂಚೆ ನೂಲಿನ ಲಡಿಗಳನ್ನು ಕುದಿಸಿ ತೊಳೆದು ಅದರ ಜಿಡ್ಡು ತೆಗೆಯಬೇಕು. ಬಣ್ಣ ಕಚ್ಚಲು ಪಟಿಕದ ನೀರು ಬೇಕು. ಅಳಲೆಕಾಯಿಯ ಒಗರೂ ಇದೇ ಕೆಲಸಕ್ಕೆ ಬರುತ್ತದೆ. ಆಮೇಲೆ ಬಿಸಿ ಬಣ್ಣದ ನೀರಿನಲ್ಲಿ ಲಡಿಗಳನ್ನು ಕೋಲಿಗೆ ಸಿಕ್ಕಿಸಿ ತಿರುವುತ್ತಲೇ ಇರಬೇಕು. ಕೈ ನಿಂತರೆ ಒಂದೆಡೆ ಗಾಢ, ಇನ್ನೊಂದೆಡೆ ತೆಳು. ಇದೇ ಚೊಗರಿಗೆ ಕಬ್ಬಿಣದ ಅಂಶ ಬೆರೆತರೆ ಬಣ್ಣ ಕಪ್ಪಿನತ್ತ ತಿರುಗುತ್ತದೆ. ಹಳದಿಗೆ ದಾಳಿಂಬೆ ಸಿಪ್ಪೆ, ನೀಲಿಗೆ ನೀಲಿ ಗಿಡ. ಇವೆಲ್ಲ ಗಿಡಮರದಿಂದ ಬಂದ ಬಣ್ಣಗಳು. ಒಂದು ಹಂಡೆಯ ಬಣ್ಣ ಇನ್ನೊಂದು ಹಂಡೆಯಲ್ಲಿ ಹಾಗೇ ಬರುವುದಿಲ್ಲ. ಹೋದ ವರ್ಷ ಕೊಂಡ ಜುಬ್ಬಾದ ಬಣ್ಣವೇ ಬೇಕು ಎಂದು ಅಂಗಡಿಯಲ್ಲಿ ಹಟ ಹಿಡಿಯುವವರು ಇದನ್ನು ತಿಳಿದಿರಬೇಕು.

ಇನ್ನು ಸಂಸ್ಥೆಯ ಕಥೆ. ರಂಗನಿರ್ದೇಶಕ ಪ್ರಸನ್ನ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, 1975ರಲ್ಲಿ ‘ಸಮುದಾಯ’ ರಂಗತಂಡವನ್ನು ಕಟ್ಟಿದವರು. ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ ನೀನಾಸಮ್‌ನಿಂದ ಹೆಸರಾದ ಹೆಗ್ಗೋಡಿನಲ್ಲಿ ಅವರು ನೆಲೆಸಿದರು. ಸುತ್ತಲ ಹಳ್ಳಿಗಳ ಬಡ ಹೆಂಗಸರಿಗೆ ವರ್ಷವಿಡೀ ಕೆಲಸ ಬೇಕಿತ್ತು. ತೊಂಬತ್ತರ ದಶಕದಲ್ಲಿ ಪ್ರಸನ್ನರ ಮುಂದಾಳತ್ವದಲ್ಲಿ ಚರಕ ಹುಟ್ಟಿದ್ದು ಅದಕ್ಕಾಗಿ. ಸಾಗರ ಸೀಮೆಯ ಬಡವರ ಕಥೆ ಹಳೆಯದು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಎದ್ದು ನಿಂತದ್ದು ಇದೇ ತಾಲ್ಲೂಕಿನಲ್ಲಿ. ಲಿಂಗನಮಕ್ಕಿಯಲ್ಲಿ ಶರಾವತಿಯ ನೀರು ನಿಂತಾಗ ಊರು ಬಿಟ್ಟವರೂ ಈ ಸೀಮೆಯವರೇ. ಭೂಮಿ ಇಲ್ಲದ ಮನೆಯ ಹೆಂಗಸಿಗೆ ಇದ್ದದ್ದು ನಟ್ಟಿ, ಕೊಯ್ಲು, ಅಡಿಕೆ ಸುಲಿತ. ಹಂಗಾಮು ಮುಗಿದರೆ ಕೈ ಖಾಲಿ.

ಈ ಭಾಗ ಇಳಕಲ್ಲು, ಗುಳೇದಗುಡ್ಡಗಳಂತೆ ನೇಕಾರಿಕೆಯ ನಾಡಲ್ಲ. ಮನೆಯಲ್ಲಿ ಮಗ್ಗ ಕಂಡಿರದ ಹೆಣ್ಣುಮಕ್ಕಳು ಇಲ್ಲಿ ಲಾಳಿ ಹಿಡಿದರು. ಹಾಸು ಹೂಡುವುದು, ಕಂಡಿಕೆ ಸುತ್ತುವುದು, ಹರಿದ ಎಳೆ ಕಟ್ಟುವುದು, ಬಟ್ಟೆ ಕತ್ತರಿಸಿ ಹೊಲಿಯುವುದು, ಅಚ್ಚು ಒತ್ತುವುದು, ಎಲ್ಲವನ್ನೂ ಕಲಿತರು. ಸಹಕಾರ ಸಂಘವಾದ್ದರಿಂದ ಇಲ್ಲಿ ದುಡಿಯುವ ಸದಸ್ಯೆ ಕೂಲಿಯವಳಷ್ಟೇ ಅಲ್ಲ, ಸಂಘದ ಒಡತಿಯೂ ಹೌದು. ನನಗೆ ಬಹಳ ದೊಡ್ಡದೆನಿಸುವ ಮಾತು ಇದು.

ಕರ್ನಾಟಕದ ಹಳ್ಳಿಗಳಿಗೆ ಸಂಘ ಹೊಸದೇನಲ್ಲ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶಕ್ಕೇ ಮೊದಲೆನಿಸಿದ ಕೃಷಿ ಸಹಕಾರ ಸಂಘ ಹುಟ್ಟಿತು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ, ದೊಡ್ಡ ಸಹಕಾರ ಸಂಘಗಳ ಮೇಲೆ ನಂಬಿಕೆ ಕಳೆದುಕೊಂಡ ಜನ ತಮಗೆ ವಿಶ್ವಾಸವಿದ್ದವರನ್ನೇ ಸೇರಿಸಿಕೊಂಡು ಸಣ್ಣ ಸಣ್ಣ ಗುಂಪು ಕಟ್ಟಿಕೊಂಡರು. ಸ್ವಸಹಾಯ ಸಂಘಗಳಿಗೆ ದಾರಿಯಾದದ್ದು ಅಂಥ ಗುಂಪುಗಳೇ. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿಗೆ ಜೋಡಿಸಿತು. 2000ದಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ವಾರದ ಉಳಿತಾಯ, ಸಾಲದ ಪುಸ್ತಕ, ಸರದಿಯ ಸಭೆ ಈಗ ಹಳ್ಳಿ ಹಳ್ಳಿಯ ಹೆಂಗಸರಿಗೂ ಗೊತ್ತು. ಲೇವಾದೇವಿಯವರ ಮುಷ್ಟಿಯಿಂದ ಎಷ್ಟೋ ಮನೆಗಳನ್ನು ಬಿಡಿಸಿದ್ದು ಈ ಸಂಘಗಳೇ. ಆದರೆ ಸಾಲ ತೀರಿಸಲು ದುಡಿಮೆ ಬೇಕಲ್ಲ? ಊರಲ್ಲಿ ದುಡಿಮೆ ಇಲ್ಲದೆ ಬಸ್ಸು ಹತ್ತಿದ ಸಾವಿರಾರು ಹೆಣ್ಣುಮಕ್ಕಳು ನಮ್ಮದೇ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿದ್ದಾರೆ. ಬಾಡಿಗೆ ಕೋಣೆ, ಓವರ್‌ಟೈಮ್, ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗು. ಚರಕ ಕೆಲಸವನ್ನೇ ಊರಿಗೆ ಕರೆದುಕೊಂಡು ಹೋಯಿತು. ಸಂಜೆ ಮಗ್ಗದಿಂದ ಎದ್ದವಳು ತನ್ನ ಮನೆಯ ಒಲೆಯ ಮುಂದೆ ಕೂರಬಹುದು.

ಆದರೆ ಚರಕ ಸುಲಭವಾಗಿ ನಡೆದುಕೊಂಡು ಬಂದಿಲ್ಲ. ಕೈಮಗ್ಗದ ಬಟ್ಟೆಗೆ ಕೈಗಳು ಹೆಚ್ಚು ಬೇಕು, ಹೊತ್ತು ಹೆಚ್ಚು ಬೇಕು. ಮಿಲ್ಲಿನ, ಪವರ್‌ಲೂಮಿನ ಬಟ್ಟೆಯ ಬೆಲೆಗೆ ಅದು ಸಿಗಲಾರದು. ಕೈಕೆಲಸದ ಪರ ದನಿಯೆತ್ತಲು 2015ರ ಏಪ್ರಿಲ್‌ನಲ್ಲಿ ಪ್ರಸನ್ನ ಮತ್ತು ಸಂಗಾತಿಗಳು ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆಸಿದರು. ಗಾಂಧೀಜಿ ಬಂದುಹೋಗಿದ್ದ ಖಾದಿ ಕೇಂದ್ರದ ಊರು ಅದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ಕೈ ಉತ್ಪನ್ನಗಳ ಮೇಲೂ ತೆರಿಗೆ ಬಿದ್ದಾಗ ಪ್ರಸನ್ನ ಅವರ ಗ್ರಾಮ ಸೇವಾ ಸಂಘದವರು ಕರ ನಿರಾಕರಣೆಗೆ ಇಳಿದರು. ಅದೇ ಅಕ್ಟೋಬರ್‌ನಲ್ಲಿ ಪ್ರಸನ್ನ ಬೆಂಗಳೂರಿನಲ್ಲೇ ಉಪವಾಸ ಕೂತರು. ಕೈಯಿಂದ ಮಾಡಿದ್ದಕ್ಕೆ ತೆರಿಗೆ ಬೇಡ ಎಂಬುದಷ್ಟೇ ಬೇಡಿಕೆ. ನ್ಯಾಯವಾದ ಬೇಡಿಕೆ ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು 2020ರಲ್ಲಿ. ಮೊದಲೇ ಹಣದ ಮುಗ್ಗಟ್ಟಿನಲ್ಲಿದ್ದ ಸಂಘಕ್ಕೆ ಕೊರೊನಾ ಬಂದು ಅಂಗಡಿಗಳ ವ್ಯಾಪಾರವೂ ಕೈಕೊಟ್ಟಿತು. ನೇಯ್ದ ಬಟ್ಟೆ ರಾಶಿ ಬಿತ್ತು. ಆ ಸೆಪ್ಟೆಂಬರ್‌ನಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿ ಹೇಳಿಕೊಂಡಿತು. ಆ ಬೆನ್ನಿಗೇ ಶುರುವಾದದ್ದು ‘ಪವಿತ್ರ ವಸ್ತ್ರ’ ಅಭಿಯಾನ. ಕೈಯಿಂದ ನೇಯ್ದ, ಗಿಡಮರದ ಬಣ್ಣದ ಬಟ್ಟೆಯನ್ನು ಜನ ಕೊಂಡು ಉಟ್ಟರೆ ಮಾತ್ರ ಈ ಕೆಲಸ ಉಳಿಯುತ್ತದೆ ಎಂಬುದು ಅದರ ಕರೆ.

ಸರ್ಕಾರ ಮಾಡಬೇಕಾದ್ದು ಬಹಳವಿದೆ. ತೆರಿಗೆಯಲ್ಲಿ ವಿನಾಯಿತಿ, ಸಿಗಬೇಕಾದ ನೆರವು ಹೊತ್ತಿಗೆ ಸರಿಯಾಗಿ ಸಿಗುವುದು, ಶಾಲೆ-ಕಚೇರಿಗಳಿಗೆ ಕೈಮಗ್ಗದ ಬಟ್ಟೆ. ಆದರೆ ನೇಯ್ದ ಬಟ್ಟೆ ನಮ್ಮಂಥವರ ಬೀರು ಸೇರದಿದ್ದರೆ ಯಾವ ಯೋಜನೆಯೂ ಆ ಮಗ್ಗವನ್ನು ಬಹುಕಾಲ ಆಡಿಸಲಾರದು. ಹಬ್ಬಕ್ಕೆ, ಮದುವೆಗೆ, ನಾಮಕರಣಕ್ಕೆ ಸಾವಿರಗಟ್ಟಲೆ ಸುರಿದು ಬಟ್ಟೆ ಕೊಳ್ಳುವ ಮನೆಗಳು ನಮ್ಮ ಬಡಾವಣೆಯಲ್ಲಿ ಕಡಿಮೆ ಇಲ್ಲ. ಮನೆಗೊಂದು ಚೊಗರಿನ ಬಣ್ಣದ ಜುಬ್ಬಾ, ಒಂದು ಸೀರೆ, ಒಂದು ಹೊದಿಕೆ ಬಂದರೂ ಭೀಮನಕೋಣೆಗೆ ಅದು ಸಣ್ಣ ಲೆಕ್ಕವಲ್ಲ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣ ಸೌತ್ ಎಂಡ್ ವೃತ್ತ. ದೇಸಿ ಅಂಗಡಿ ಅಲ್ಲೇ ಹತ್ತಿರ, ಪಟಾಲಮ್ಮ ದೇವಸ್ಥಾನದ ಬೀದಿಯಲ್ಲಿದೆ. ಒಮ್ಮೆ ಹೋಗಿ ಬಟ್ಟೆ ಮುಟ್ಟಿ ನೋಡಿ, ಕೊಂಡುಕೊಳ್ಳಿ. ಮನೆಗೆ ತಂದ ಮೇಲೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಲ್ಲಿ ಒಣಗಿಸಿ. ಬಹಳ ವರ್ಷ ಬಾಳುತ್ತದೆ.