ಮನೆಯಲ್ಲೇ ಕಚೇರಿ: ಅಂತರ್ಜಾಲದ ಬಾಗಿಲಿಗೆ ಕಾವಲು ಇದೆಯೇ?

ಮಂಗಳೂರಿನ ವ್ಯಾಪಾರಸ್ಥರ ಮಟ್ಟಿಗೆ ಮನೆ ಮತ್ತು ಕಚೇರಿಗಳ ನಡುವಿನ ಗೆರೆ ಎಂದೂ ಗಟ್ಟಿಯಾಗಿರಲಿಲ್ಲ. ಬಂದರು ಪ್ರದೇಶದ ಸಗಟು ಅಂಗಡಿಯ ಲೆಕ್ಕಪುಸ್ತಕಗಳು ಸಂಜೆ ಮನೆಗೆ ಬರುತ್ತಿದ್ದವು. ಬೈಕಂಪಾಡಿ, ಯೆಯ್ಯಾಡಿಗಳ ಸಣ್ಣ ಉದ್ದಿಮೆದಾರರು ರಾತ್ರಿ ಊಟವಾದ ನಂತರವೇ ಬಿಲ್ಲುಗಳನ್ನು ತಾಳೆ ನೋಡುತ್ತಿದ್ದರು. ಈಗ ಪುಸ್ತಕದ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ. ಟ್ಯಾಲಿಯ ದತ್ತಾಂಶ, ಜಿಎಸ್‌ಟಿ ವಿವರಪತ್ರ, ಇ-ವೇ ಬಿಲ್, ಬ್ಯಾಂಕಿನ ಹಣ ವರ್ಗಾವಣೆ ಎಲ್ಲವೂ ಮನೆಯ ಒಂದೇ ಫೈಬರ್ ಸಂಪರ್ಕದಲ್ಲಿ ಸಾಗುತ್ತವೆ. ಅದೇ ಸಂಪರ್ಕದಲ್ಲಿ ಮಕ್ಕಳ ಮೊಬೈಲ್ ಆಟ, ಹಜಾರದ ಟಿವಿ, ಗೇಟಿನ ಕ್ಯಾಮೆರಾ, ರಜೆಗೆ ಬಂದ ನೆಂಟರ ಫೋನ್ ಕೂಡ ಇರುತ್ತವೆ. ಗೋದಾಮಿಗೆ ಎರಡೆರಡು ಬೀಗ ಹಾಕುವವರು ಈ ಬಾಗಿಲನ್ನು ಮಾತ್ರ ಸಂಪರ್ಕ ನೀಡಿದ ಕಂಪನಿಯ ಹುಡುಗ ಅಳವಡಿಸಿ ಹೋದ ಪುಟ್ಟ ಪೆಟ್ಟಿಗೆಯ ಭರವಸೆಗೆ ಬಿಟ್ಟಿರುವುದು ಸೋಜಿಗ.

ಆ ಪೆಟ್ಟಿಗೆಯ ಭರವಸೆ ಎಷ್ಟರದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2017ರ ಜುಲೈ ಕೊನೆಯ ವಾರದಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿ ನಡೆಯಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಹಾಗೆಯೇ ಉಳಿಸಿಕೊಂಡಿದ್ದ ಮೋಡೆಮ್‌ಗಳು ಅದಕ್ಕೆ ತುತ್ತಾದವು. ಕೂಡಲೇ ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸಂಸ್ಥೆಯು ಗ್ರಾಹಕರಿಗೆ ಸೂಚಿಸಬೇಕಾಯಿತು. ಅದೇ ವರ್ಷದ ಮೇ 12ರಂದು ಆರಂಭವಾದ ವಾನಾಕ್ರೈ ದಾಳಿಯು, ವಿಂಡೋಸ್ ಗಣಕಗಳು ಪರಸ್ಪರ ಕಡತ ಹಂಚಿಕೊಳ್ಳುವ 445ನೇ ಪೋರ್ಟಿನ ಮೂಲಕ ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು. ‘ಪಕ್ಕದ ಯಂತ್ರ’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಮಗನ ಆಟದ ಗಣಕಕ್ಕೆ ಬಂದ ಸೋಂಕು ತಂದೆಯ ಖಾತಾ ಗಣಕಕ್ಕೆ ದಾಟುವುದು ಎರಡೂ ಒಂದೇ ಜಾಲದಲ್ಲಿ ಇರುವುದರಿಂದಲೇ.

ಪ್ರತ್ಯೇಕ ಫೈರ್‌ವಾಲ್ ರೌಟರ್‌ನ ಉಪಯೋಗ ಇರುವುದು ಇಲ್ಲಿ. ಕಂಪನಿಯ ಮೋಡೆಮ್ ಮತ್ತು ಮನೆಯ ಉಪಕರಣಗಳ ನಡುವೆ ಕುಳಿತು, ಯಾವ ಸಂಪರ್ಕ ಯಾವ ಕಡೆಗೆ ಹೋಗಬಹುದು ಎಂಬುದನ್ನು ಮಾಲೀಕನು ಬರೆದ ನಿಯಮಗಳಂತೆ ತೀರ್ಮಾನಿಸುವ ಯಂತ್ರವಿದು. ಸಾಮಾನ್ಯ ರೌಟರ್ ಹೊರಗಿನಿಂದ ತಾನಾಗಿ ಬರುವ ಕರೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಒಳಗಿನವರನ್ನು ಒಬ್ಬರಿಂದೊಬ್ಬರಿಗೆ ಬೇರ್ಪಡಿಸುವುದು ಅಪರೂಪ. ತುಳುನಾಡಿನ ಹಳೆಯ ಮನೆಗಳಲ್ಲಿ ಬಂದವರಿಗೆ ಚಾವಡಿಯಲ್ಲಿ ಆದರವಿತ್ತು. ಪತ್ತಾಯದ ಕೋಣೆಯ ಬೀಗದ ಕೈ ಮಾತ್ರ ಯಜಮಾನನ ಬಳಿಯೇ ಇರುತ್ತಿತ್ತು. ಅದೇ ವ್ಯವಸ್ಥೆ ಇಲ್ಲಿಯೂ ಬೇಕು.

ಜೋಡಣೆ ತೋರುವಷ್ಟು ಕಠಿಣವಲ್ಲ. ನಾಲ್ಕು ಕೇಬಲ್ ಕಿಂಡಿಗಳುಳ್ಳ ಒಂದು ಸಾಧನ ಸಾಕು. ಒಂದು ಕಿಂಡಿ ಮೋಡೆಮ್‌ಗೆ, ಉಳಿದ ಮೂರು ಕ್ರಮವಾಗಿ ಕಚೇರಿ, ಕುಟುಂಬ ಮತ್ತು ಕ್ಯಾಮೆರಾಗಳಿಗೆ. ಕುಟುಂಬದ ಜಾಲದಿಂದ ಕಚೇರಿಯ ಜಾಲಕ್ಕೆ ದಾರಿ ಇರಕೂಡದು. ಕ್ಯಾಮೆರಾಗಳು ತಮ್ಮ ರೆಕಾರ್ಡರ್ ಹೊರತು ಬೇರೆಲ್ಲಿಗೂ ಹೋಗಕೂಡದು. ಕಚೇರಿಯ ಮುದ್ರಕವನ್ನು ಮನೆಯವರೂ ಬಳಸುವುದಾದರೆ ಅದೊಂದಕ್ಕೆ ಮಾತ್ರ ಸಣ್ಣ ವಿನಾಯಿತಿ ಬರೆಯಬಹುದು. ಮೋಡೆಮ್ಮನ್ನು ‘ಬ್ರಿಡ್ಜ್’ ಸ್ಥಿತಿಗೆ ಬದಲಿಸಿಕೊಡುವಂತೆ ಸಂಪರ್ಕ ನೀಡುವ ಕಂಪನಿಯನ್ನು ಕೇಳಬೇಕು. ಒಪ್ಪದಿದ್ದರೆ ಅದರ ವೈ-ಫೈ ಆರಿಸಿ, ಫೈರ್‌ವಾಲನ್ನು ಅದರ ಹಿಂದೆ ಇಟ್ಟರೂ ಕೆಲಸ ನಡೆಯುತ್ತದೆ.

ಸಾಧನದ ಆಯ್ಕೆಯಲ್ಲಿ ಎರಡು ದಾರಿಗಳಿವೆ. ಹೆಸರಾಂತ ಕಂಪನಿಗಳ ಸಿದ್ಧ ಫೈರ್‌ವಾಲ್‌ಗಳಲ್ಲಿ ಪೆಟ್ಟಿಗೆಯ ಬೆಲೆಗಿಂತ ವರ್ಷವರ್ಷವೂ ಬರುವ ಪರವಾನಗಿ ಶುಲ್ಕವನ್ನು ಮೊದಲು ವಿಚಾರಿಸಬೇಕು. ಇನ್ನೊಂದು, ಸಣ್ಣ ಗಣಕವೊಂದಕ್ಕೆ ಮುಕ್ತ ತಂತ್ರಾಂಶ ಅಳವಡಿಸುವುದು. 2004ರಲ್ಲಿ ಆರಂಭವಾದ ಪಿಎಫ್‌ಸೆನ್ಸ್, ಅದರಿಂದ ಕವಲೊಡೆದು 2015ರಲ್ಲಿ ಬಂದ ಒಪಿಎನ್‌ಸೆನ್ಸ್ ಇಂಥವು. ಶುಲ್ಕವಿಲ್ಲ, ಆದರೆ ತಿಳಿದವರು ಬೇಕು. ಎರಡು ಸಾವಿರ ರೂಪಾಯಿ ಉಳಿಸಲು ಹೋಗಿ ಪಾಸ್‌ವರ್ಡನ್ನು ಅಳವಡಿಸಿದವನ ಜೇಬಿನಲ್ಲೇ ಬಿಡುವುದು ಉಳಿತಾಯವಲ್ಲ. ಪಾಸ್‌ವರ್ಡ್ ಮತ್ತು ನಿಯಮಗಳ ಪ್ರತಿ ಮುಚ್ಚಿದ ಲಕೋಟೆಯಲ್ಲಿ ಮಾಲೀಕನ ಕಪಾಟಿನಲ್ಲಿರಬೇಕು.

ನಮ್ಮಲ್ಲಿ ಅತಿ ಹೆಚ್ಚು ಕಂಡುಬರುವ ಲೋಪ ಬೇರೆಯೇ ಇದೆ. ಲೆಕ್ಕಿಗನು ತನ್ನ ಮನೆಯಿಂದ ಟ್ಯಾಲಿ ನೋಡಲೆಂದು ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡುವುದು. ಮಾಲೀಕನು ಮೊಬೈಲಿನಲ್ಲಿ ಗೋದಾಮು ನೋಡಲೆಂದು ರೆಕಾರ್ಡರನ್ನು ಹಾಗೆಯೇ ತೆರೆದಿಡುವುದು. ತೆರೆದ ಪೋರ್ಟ್‌ಗಳನ್ನು ಹುಡುಕುವ ಯಂತ್ರಗಳು ಹಗಲಿರುಳೂ ಅಲೆಯುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡದ್ದು ಬದಲಿಸದ ಪಾಸ್‌ವರ್ಡ್‌ಗಳ ಬಲದಿಂದ. ಫೈರ್‌ವಾಲ್ ರೌಟರ್‌ನಲ್ಲಿ ವಿಪಿಎನ್ ಸೌಲಭ್ಯವಿರುತ್ತದೆ. ಲೆಕ್ಕಿಗನಿಗೆ ಅದರ ಕೀಲಿ ಕೊಟ್ಟರೆ, ಆತ ಮಾತ್ರ, ಆ ಒಂದು ಗಣಕಕ್ಕೆ ಮಾತ್ರ ಬರಬಲ್ಲ. ಆತ ಕೆಲಸ ಬಿಟ್ಟ ದಿನ ಕೀಲಿ ರದ್ದು. ಆದರೆ ಸ್ಥಿರ ವಿಳಾಸವಿಲ್ಲದ, ಕಂಪನಿಯೇ ಹಲವರಿಗೆ ಒಂದೇ ವಿಳಾಸ ಹಂಚುವ ಸಂಪರ್ಕಗಳಲ್ಲಿ ಇದಕ್ಕೆ ಹೆಚ್ಚುವರಿ ಏರ್ಪಾಡು ಬೇಕಾದೀತು. ಒಪ್ಪಂದಕ್ಕೆ ಮೊದಲೇ ವಿಚಾರಿಸುವುದು ಲೇಸು.

ಕರಾವಳಿಗೇ ವಿಶಿಷ್ಟವಾದ ಎರಡು ಸಂಗತಿಗಳುಂಟು. ಮುರಕಲ್ಲಿನ ದಪ್ಪ ಗೋಡೆಗಳು ವೈ-ಫೈ ಸಂಕೇತವನ್ನು ನುಂಗುತ್ತವೆ. ಫೈರ್‌ವಾಲ್ ಒಂದು ಕಡೆ, ವೈ-ಫೈ ಬಿಂದು ಇನ್ನೊಂದು ಕಡೆ ಇಟ್ಟು ಕೇಬಲ್ ಎಳೆಯುವುದೇ ಪರಿಹಾರ. ಮಳೆಗಾಲಕ್ಕೆ ಮುನ್ನ ಮತ್ತು ಅಕ್ಟೋಬರ್ ಸುಮಾರಿಗೆ ಬರುವ ಸಿಡಿಲು ಇನ್ನೊಂದು. ತಾಮ್ರದ ದೂರವಾಣಿ ತಂತಿಯ ಕಾಲದಲ್ಲಿ ಸುಟ್ಟ ಮೋಡೆಮ್‌ಗಳಿಗೆ ಲೆಕ್ಕವಿರಲಿಲ್ಲ. ಫೈಬರ್ ಸಿಡಿಲನ್ನು ಒಯ್ಯುವುದಿಲ್ಲವಾದರೂ ವಿದ್ಯುತ್ ತಂತಿಯೂ ಹೊರಗೋಡೆಯ ಕ್ಯಾಮೆರಾ ಕೇಬಲ್ಲೂ ಒಯ್ಯುತ್ತವೆ. ಸರಿಯಾದ ಅರ್ತಿಂಗ್, ಸರ್ಜ್ ರಕ್ಷಕ, ಸಣ್ಣ ಯುಪಿಎಸ್ ಇಲ್ಲದೆ ಫೈರ್‌ವಾಲ್ ಕೊಳ್ಳುವುದು ವ್ಯರ್ಥ.

ಇಷ್ಟಾದರೂ ಫೈರ್‌ವಾಲ್ ಸರ್ವರೋಗ ನಿವಾರಕವಲ್ಲ. ಪೆನ್‌ಡ್ರೈವ್‌ನಲ್ಲಿ ಬಂದ ಸೋಂಕನ್ನಾಗಲಿ, ಪೂರೈಕೆದಾರರ ಹೆಸರಿನ ನಕಲಿ ಇ-ಮೇಲ್ ನಂಬಿ ಬೇರೆ ಖಾತೆಗೆ ಹಣ ಕಳುಹಿಸುವುದನ್ನಾಗಲಿ ಅದು ತಡೆಯದು. ಗಣಕದಿಂದ ಕಳಚಿಟ್ಟ ಡಿಸ್ಕಿನಲ್ಲಿ ಖಾತೆಗಳ ಪ್ರತಿ ಇರಲೇಬೇಕು.

ಇನ್ನು ಹೊಣೆಗಾರಿಕೆಯ ಮಾತು. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು, ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ನಡೆದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲವೆಂದಿತು. ಗ್ರಾಹಕನ ನಿರ್ಲಕ್ಷ್ಯದಿಂದ ಆದದ್ದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಸಂಪೂರ್ಣ ನಷ್ಟ ಅವನದೇ ಎಂದಿತು. ‘ನಿರ್ಲಕ್ಷ್ಯ’ದ ಚರ್ಚೆ ಬಂದಾಗ ಫೈರ್‌ವಾಲ್ ದಾಖಲಿಸಿದ ಲಾಗ್ ಉಪಯುಕ್ತ ಸಾಕ್ಷ್ಯವಾಗಬಲ್ಲದು. ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವೂ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಸೈಬರ್ ಘಟನೆಯನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು ಎಂದು ವಿಧಿಸಿದೆ. ಸಣ್ಣ ಸಾಧನಗಳಲ್ಲಿ ಅಷ್ಟು ದಿನದ ಲಾಗ್ ಉಳಿಯದು; ಅದನ್ನು ಬೇರೆ ಡಿಸ್ಕಿಗೆ ಕಳುಹಿಸುವ ವ್ಯವಸ್ಥೆಯನ್ನು ಖರೀದಿಯ ವೇಳೆಗೇ ಕೇಳಿಕೊಳ್ಳಬೇಕು.

ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬಗೆಯೂ ತಿಳಿದಿರಲಿ. ಗಣಕದೊಂದಿಗೆ ಸೇರಿ ಕೆಲಸ ಮಾಡುವ ರೌಟರ್, ಸ್ವಿಚ್‌ಗಳನ್ನು ಸವಕಳಿಯ ಉದ್ದೇಶಕ್ಕೆ ಗಣಕವೆಂದೇ ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬೈ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ತೀರ್ಪಿತ್ತಿತು. ಆಗ ಗಣಕಗಳ ಸವಕಳಿ ದರ ಶೇ. 60 ಇತ್ತು, 2017ರ ಏಪ್ರಿಲ್ 1ರಿಂದ ಅದು ಶೇ. 40ಕ್ಕೆ ಇಳಿಯಿತು. ಬಿಲ್ ಉದ್ದಿಮೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಂದಿಗೆ ಇರಬೇಕು. ಸಾಧನವನ್ನು ಕುಟುಂಬವೂ ಬಳಸುವುದರಿಂದ ಹೂಡುವಳಿ ತೆರಿಗೆ ಜಮೆಯನ್ನೂ ಸವಕಳಿಯನ್ನೂ ವ್ಯವಹಾರದ ಪಾಲಿಗಷ್ಟೇ ಪಡೆಯಬೇಕು. ಜಮೆ ಪಡೆದ ತೆರಿಗೆಯ ಮೊತ್ತವನ್ನು ಸಾಧನದ ಬೆಲೆಗೆ ಸೇರಿಸಿ ಅದರ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ.