ಚದುರಂಗದ ಯಂತ್ರಗಳಿಗೆ ಪ್ರವೇಶ ಪರೀಕ್ಷೆ

ಚದುರಂಗವೆಂದರೆ ಮಣೆಯ ಎರಡು ಕಡೆ ಇಬ್ಬರು ಕುಳಿತಿರಬೇಕೆಂಬ ನಿಯಮ ಈಗ ಉಳಿದಿಲ್ಲ. ಮನೆಮಂದಿಯೆಲ್ಲ ನಿದ್ರಿಸುತ್ತಿರುವಾಗ ಮೇಜಿನ ಮೇಲಿನ ಕಂಪ್ಯೂಟರೊಂದು ತನ್ನೊಳಗೇ ಎರಡು ಪಕ್ಷಗಳನ್ನು ಹೂಡಿ ಆಡಿಸುತ್ತಿರುತ್ತದೆ. ಬಿಳಿಯ ಕಡೆಗೆ ಒಬ್ಬ ಹವ್ಯಾಸಿ ಬರೆದ ಪ್ರೋಗ್ರಾಂ, ಕರಿಯ ಕಡೆಗೆ ಇನ್ನೊಬ್ಬನದು. ನೋಡುವವರಿಲ್ಲ, ಚಪ್ಪಾಳೆಯಿಲ್ಲ. ಬೆಳಗಾಗುವ ವೇಳೆಗೆ ಹತ್ತು ಆಟಗಳು ಮುಗಿದು ಫಲಿತಾಂಶ ದಾಖಲಾಗಿರುತ್ತದೆ. ಹೀಗೆ ಆಡಬಲ್ಲ ಪ್ರೋಗ್ರಾಮಿಗೆ ‘ಎಂಜಿನ್’ ಎಂದು ಹೆಸರು.

ಎಂಜಿನ್ನುಗಳ ಬಲಾಬಲವನ್ನು ತೂಗಿ ಪಟ್ಟಿ ಮಾಡುವವರೂ ಬಹುಮಟ್ಟಿಗೆ ಹವ್ಯಾಸಿಗಳೇ. ಸ್ವೀಡನ್ನಿನ ಸಂಘವೊಂದು 1984ರಲ್ಲಿ ಇಂಥ ಪಟ್ಟಿಯನ್ನು ಪ್ರಕಟಿಸತೊಡಗಿತು. ಸುಮಾರು 2006ರಿಂದ ‘ಸಿ.ಸಿ.ಆರ್.ಎಲ್.’ ಎಂಬ ಬಳಗದ ಸ್ವಯಂಸೇವಕರು ತಮ್ಮ ಯಂತ್ರಗಳನ್ನೇ ಬಳಸಿ ಈ ಕಾರ್ಯವನ್ನು ನಡೆಸಿಕೊಂಡು ಬಂದಿದ್ದಾರೆ. ಅಳತೆಗೋಲು ಮಾತ್ರ ಮನುಷ್ಯರದೇ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಆರ್ಪಾಡ್ ಎಲೋ ರೂಪಿಸಿದ, ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ 1970ರಲ್ಲಿ ಅಂಗೀಕರಿಸಿದ ಗಣನೆ ಅದು. 200 ಅಂಕ ಮೇಲಿರುವ ಆಟಗಾರ 100 ಆಟಗಳಲ್ಲಿ ಸುಮಾರು 76 ಪಾಯಿಂಟುಗಳನ್ನು ಗಳಿಸುವನೆಂಬುದು ಅದರ ನಿರೀಕ್ಷೆ.

ಕಾಲವೇ ಬಂಡವಾಳ

ಬಂದ ಎಂಜಿನ್ನುಗಳನ್ನೆಲ್ಲ ಪಟ್ಟಿಗೆ ಸೇರಿಸಿದರಾಗದೆ ಎಂದು ಕೇಳಬಹುದು. ತೊಡಕು ಇರುವುದು ಗಡಿಯಾರದಲ್ಲಿ. ಈ ಬಳಗದ ಮುಖ್ಯ ಪಟ್ಟಿಗಾಗಿ ಒಂದೊಂದು ಪಕ್ಷಕ್ಕೂ 40 ನಡೆಗಳಿಗೆ 15 ನಿಮಿಷಗಳ ಅವಧಿಯುಂಟು. ಇಬ್ಬರೂ ಅರುವತ್ತು ಅರುವತ್ತು ನಡೆ ನಡೆಸಿದರೆ ಆಟ 45 ನಿಮಿಷ ಹಿಡಿದೀತು. ಸಾವಿರ ಆಟಗಳೆಂದರೆ 750 ಗಂಟೆ. ಆಟಗಳನ್ನು ಒಂದಾದ ಮೇಲೊಂದರಂತೆ ಆಡಿಸಿದರೆ ಹಗಲಿರುಳೆನ್ನದೆ ಒಂದು ತಿಂಗಳು! ಇಷ್ಟಾದರೂ ದೊರೆತ ಅಂಕದಲ್ಲಿ ಆಚೀಚೆ ಸುಮಾರು ಇಪ್ಪತ್ತರಷ್ಟು ಅನಿಶ್ಚಯ ಉಳಿದೇ ಉಳಿಯುತ್ತದೆ. ಆ ಅನಿಶ್ಚಯವನ್ನು ಅರ್ಧಕ್ಕೆ ಇಳಿಸಬೇಕಾದರೆ ಆಟಗಳು ನಾಲ್ಕು ಪಾಲಾಗಬೇಕು. ಪರೀಕ್ಷಕರು ಬೆರಳೆಣಿಕೆಯವರು; ಎಂಜಿನ್ನುಗಳು ನೂರಾರು. ಆಯ್ಕೆ ಅನಿವಾರ್ಯ.

ಮೊದಲು ನೋಡುವುದು ಶಿಸ್ತನ್ನು. 2000ದಲ್ಲಿ ಹೊರಬಂದ ‘ಯು.ಸಿ.ಐ.’ ಎಂಬ ಸಂಕೇತಭಾಷೆಯಲ್ಲಿ ಎಂಜಿನ್ ಮಾತನಾಡಬಲ್ಲುದಾದರೆ ಅದನ್ನು ಯಾವ ಎದುರಾಳಿಯೊಡನೆಯೂ ಆಡಿಸುವುದು ಸುಲಭ. ನಡುಆಟದಲ್ಲಿ ಅದು ಸ್ತಬ್ಧವಾಗಬಾರದು. ಅವಧಿ ಮೀರಿ ಸೋಲಬಾರದು. ನಿಯಮಕ್ಕೆ ಹೊರತಾದ ನಡೆ ನಡೆಸಬಾರದು. ನಡುರಾತ್ರಿಯಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಉಳಿದ ಆಟಗಳೂ ಕೆಡುತ್ತವೆ.

ಎರಡನೆಯದು ಹೊಸತನ. ಹಳೆಯ ಎಂಜಿನ್ನನ್ನು ಕೊಂಚ ತಿದ್ದಿ ಮತ್ತೊಂದು ಆವೃತ್ತಿಯೆಂದು ಕಳುಹಿಸುವವರುಂಟು. ತಿದ್ದುಪಡಿಯಿಂದ ಐದಾರು ಅಂಕಗಳಷ್ಟೇ ಏರಿದ್ದರೆ ಅನಿಶ್ಚಯದ ಮಂಜಿನಲ್ಲಿ ಅದು ಕಾಣಿಸುವುದೇ ಇಲ್ಲ. ಆ ತಿಂಗಳನ್ನು ಇನ್ನೂ ಒಮ್ಮೆಯೂ ಅಳತೆಗೆ ಸಿಕ್ಕದ ಹೊಸಬನಿಗೆ ಕೊಡುವುದು ನ್ಯಾಯ.

ರಾಗ ಮತ್ತು ಮುದ್ರೆ

ಮೂರನೆಯ ಪ್ರಶ್ನೆಯೇ ಕಠಿನ: ಇದು ಅವನ ಸ್ವಂತ ಕೃತಿಯೆ? ‘ಫ್ರೂಟ್’ ಎಂಬ ಬಲಿಷ್ಠ ಎಂಜಿನ್ನಿನ ಒಳಬರಹವನ್ನು 2005ರಲ್ಲಿ ಅದರ ಕರ್ತೃ ಲೋಕಕ್ಕೆ ತೆರೆದಿಟ್ಟ. ಅನೇಕರು ಅದನ್ನೋದಿ ಕಲಿತರು. ‘ಪುಟ್ಟ ಮೀನು’ ಎಂಬರ್ಥದ ಹೆಸರಿನ ‘ರಿಬ್ಕಾ’ 2007ರಿಂದ 2010ರವರೆಗೆ ಸತತವಾಗಿ ನಾಲ್ಕು ಸಲ ವಿಶ್ವ ಕಂಪ್ಯೂಟರ್ ಚದುರಂಗ ಪ್ರಶಸ್ತಿಯನ್ನು ಗೆದ್ದಿತು. ಆದರೆ ಅದು ಫ್ರೂಟ್ ಮತ್ತು ಕ್ರ್ಯಾಫ್ಟಿಗಳಿಂದ ಎರವಲು ತಂದುದೆಂದು ತೀರ್ಮಾನಿಸಿದ ಸಂಘಟಕರು 2011ರಲ್ಲಿ ನಾಲ್ಕು ಪ್ರಶಸ್ತಿಗಳನ್ನೂ ಹಿಂತೆಗೆದುಕೊಂಡರು. ರಿಬ್ಕಾದ ಕರ್ತೃ ಆರೋಪವನ್ನು ಒಪ್ಪಲಿಲ್ಲ. ಚರ್ಚೆ ಬಹುಕಾಲ ನಡೆಯಿತು.

ಸಂಗೀತದಿಂದ ಇದಕ್ಕೊಂದು ಹೋಲಿಕೆ ಹೇಳಬಹುದು. ಕಲ್ಯಾಣಿ ರಾಗ ಎಲ್ಲರ ಸ್ವತ್ತು. ಆದರೆ ಒಬ್ಬರ ಕೃತಿಗೆ ಮತ್ತೊಬ್ಬರು ತಮ್ಮ ಮುದ್ರೆಯನ್ನು ಒತ್ತುವಂತಿಲ್ಲ. ಎರಡು ಎಂಜಿನ್ನುಗಳ ಮುಂದೆ ಸಾವಿರಾರು ಸ್ಥಿತಿಗಳನ್ನಿಟ್ಟು ಎಷ್ಟು ಕಡೆ ಒಂದೇ ನಡೆಯನ್ನು ಆರಿಸುತ್ತವೆಂದು ಎಣಿಸುವ ಉಪಾಯವುಂಟು. ಅದು ಸಂಶಯವನ್ನು ಹುಟ್ಟಿಸಬಲ್ಲುದು, ತೀರ್ಪು ನೀಡಲಾರದು. ಕೊನೆಗೆ ಒಳಬರಹವನ್ನೇ ತಾಳೆ ನೋಡಬೇಕು. ದುಡುಕಿದರೆ ಪ್ರಾಮಾಣಿಕನ ಹಲವು ವರ್ಷಗಳ ದುಡಿಮೆಗೆ ಕಳ್ಳತನದ ಹಣೆಪಟ್ಟಿ ಬೀಳುತ್ತದೆ. ಸಡಿಲಬಿಟ್ಟರೆ ಒಂದೇ ಎಂಜಿನ್ ಹತ್ತು ಹೆಸರುಗಳಿಂದ ಪಟ್ಟಿಯನ್ನು ತುಂಬುತ್ತದೆ.

ಹಾಗಾದರೆ ದುರ್ಬಲ ಎಂಜಿನ್ನಿಗೆ ಎಡೆಯಿಲ್ಲವೆ? ಉಂಟು, ಅದೂ ತಕ್ಕ ಕಾರಣದಿಂದ. ಹೊಸ ಎಂಜಿನ್ನನ್ನು ದೈತ್ಯರೆದುರು ನಿಲ್ಲಿಸಿ ನೂರಕ್ಕೆ ನೂರು ಸೋಲಿಸಿದರೆ ಅದರ ನಿಜವಾದ ಬಲ ತಿಳಿಯದು. ಅದಕ್ಕೆ ಸರಿಸಮಾನ ಎದುರಾಳಿಗಳು ಬೇಕು. ಅವರು ದೊರೆಯುವುದು ಪಟ್ಟಿಯ ಕೆಳತುದಿಯಲ್ಲಿಯೇ. ಅಲ್ಲಿ ಸದ್ದಿಲ್ಲದೆ ನಿಂತಿರುವ ಸಣ್ಣ ಎಂಜಿನ್ನು ತನ್ನ ಕರ್ತೃವಿಗೆ ತನ್ನ ಬೆಲೆಯನ್ನು ತಿಳಿಸುವುದಲ್ಲದೆ, ನಾಳೆ ಬರುವ ಮತ್ತೊಬ್ಬ ಹವ್ಯಾಸಿಗೆ ತೂಕದ ಬಟ್ಟೂ ಆಗುತ್ತದೆ. ದೊಡ್ಡ ಬಟ್ಟುಗಳಷ್ಟೇ ಇರುವ ತಕ್ಕಡಿಯಲ್ಲಿ ಚಿನ್ನ ತೂಗಲು ಬಾರದು.