ರೈಲುಹಾದಿಯ ಬಳ್ಳಿ

ಬಂಗಾರಪೇಟೆಯಿಂದ ಕವಲೊಡೆದು ಚಿನ್ನದ ಗಣಿಗಳ ಕಡೆಗೆ ಸಾಗುವ ರೈಲುಹಾದಿ ಬಲು ಉದ್ದವಾದುದೇನಲ್ಲ. ಸುಮಾರು 16 ಕಿಲೋಮೀಟರು. ಊರಿಗಾಂ ಮೊದಲಾದ ಪುಟ್ಟ ನಿಲ್ದಾಣಗಳನ್ನು ದಾಟಿ ಗಾಡಿ ಮಾರಿಕುಪ್ಪದಲ್ಲಿ ನಿಲ್ಲುತ್ತದೆ.  ಕಳೆದ ಮಳೆಗಾಲದ ಒಂದು ಭಾನುವಾರ, ಸಸ್ಯಸಂಗ್ರಹಕ್ಕೆಂದು ಕೆಲವು ವಿದ್ಯಾರ್ಥಿಗಳೊಡನೆ ನಾನು ಊರಿಗಾಮಿನಲ್ಲಿ ಇಳಿದೆ. ಹಳಿಯ ಪಕ್ಕದ ತಂತಿಬೇಲಿಯನ್ನು ಒಂದು ಬಳ್ಳಿ ಸಂಪೂರ್ಣವಾಗಿ ಮುಚ್ಚಿತ್ತು. ಅದರ ತುಂಬ ನಸುನೇರಳೆ ಬಣ್ಣದ, ಆಲಿಕೆಯಾಕಾರದ ಹೂಗಳು.

ಭಾರತದಲ್ಲಿದ್ದ ಇಂಗ್ಲಿಷರು ಇದನ್ನು ‘ರೈಲ್ವೆ ಕ್ರೀಪರ್’ ಎಂದು ಕರೆದರು. ನಿಲ್ದಾಣಗಳ ಬೇಲಿಗಳ ಮೇಲೆಲ್ಲ ಇದೇ ಹಬ್ಬಿದ್ದುದರಿಂದ ಆ ಹೆಸರು ನಿಂತಿತು. ಸಸ್ಯಶಾಸ್ತ್ರದಲ್ಲಿ ಇದು ‘ಐಪೊಮಿಯ ಕೈರಿಕ’. 1759ರಲ್ಲಿ ಲಿನೇಯಸ್ ಮಹಾಶಯನು ಇದಕ್ಕೆ ಕೈರೋ ನಗರದ ಹೆಸರನ್ನಿತ್ತನು. ‘ಐಪೊಮಿಯ’ ಎಂದರೆ ಗ್ರೀಕ್ ಮೂಲದಲ್ಲಿ ಹುಳುವಿನಂತಹುದು ಎಂದರ್ಥ. ಸುತ್ತಿ ಸುತ್ತಿ ಏರುವ ಪರಿಯನ್ನು ಕಂಡವರಿಗೆ ಆ ಹೆಸರು ಒಪ್ಪದೆ ಇರದು. ನಾವು ಸುಟ್ಟು ತಿನ್ನುವ ಗೆಣಸೂ, ತೋಟದಲ್ಲಿ ಬೆಳೆಸುವ ಕಾಮಲತೆಯೂ ಇದರ ಹತ್ತಿರದ ಬಂಧುಗಳು.

ಎಲೆಯನ್ನು ಬಿಡಿಸಿ ನೋಡಿದರೆ ಅಂಗೈಯಿಂದ ಚಾಚಿದ ಐದು ಬೆರಳುಗಳಂತೆ ಸೀಳುಗಳಿರುತ್ತವೆ. ಹಿಡಿದುಕೊಳ್ಳಲು ಈ ಬಳ್ಳಿಗೆ ಕುಡಿಬಳ್ಳಿಗಳಿಲ್ಲ, ಮುಳ್ಳುಗಳಿಲ್ಲ. ಕಾಂಡವೇ ಆಸರೆಗೆ ಸುತ್ತಿಕೊಳ್ಳಬೇಕು. ಮೇಲಿನಿಂದ ನೋಡಿದರೆ ಅದು ಸುತ್ತುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಹಲವೆಡೆ ಇದು ಬೀಜ ಕಟ್ಟುವುದೇ ಅಪರೂಪ. ಆದರೂ ಚಿಂತೆಯಿಲ್ಲ; ಗೆಣ್ಣು ಮಣ್ಣನ್ನು ಸೋಕಿದೆಡೆ ಬೇರು ಬಿಡುತ್ತದೆ. ಕಡಿದೆಸೆದ ತುಂಡೂ ಹೊಸ ಬಳ್ಳಿಯಾಗಬಲ್ಲುದು.

“ಇದನ್ನು ಕಿತ್ತುಹಾಕಬೇಕಲ್ಲವೆ ಸಾರ್? ಇದು ಹೊರಗಿನ ಕಳೆಯೆಂದು ಓದಿದ್ದೇನೆ” ಎಂದು ಒಬ್ಬ ಹುಡುಗ ಕೇಳಿದನು. ಅವನ ಮಾತು ನಿರಾಧಾರವಾದುದಲ್ಲ. ಆಸ್ಟ್ರೇಲಿಯ ಮತ್ತು ದಕ್ಷಿಣ ಚೀನಗಳಲ್ಲಿ ಈ ಬಳ್ಳಿ ಪೊದೆಗಳನ್ನೂ ಎಳೆಯ ಮರಗಳನ್ನೂ ಮುಸುಕಿ, ಬೆಳಕು ದೊರೆಯದಂತೆ ಮಾಡಿ, ಉಪದ್ರವಕಾರಿಯೆನಿಸಿದೆ.

“ಹಾಗಾದರೆ ಇದರ ಸ್ವಂತ ಊರು ಯಾವುದು ಸಾರ್?” ಎಂದಳು ಅವನ ಪಕ್ಕದಲ್ಲಿದ್ದ ಹುಡುಗಿ.

ಆಫ್ರಿಕದ ಉಷ್ಣವಲಯವೆಂದು ಹೇಳಿದೆ. ಏಷ್ಯದ ಕೆಲವು ಭಾಗಗಳನ್ನೂ ತವರೆಂದು ಎಣಿಸುವವರುಂಟೆಂದು ಸೇರಿಸಿದೆ. ಗೆಣಸು ಸಹ ಅಮೆರಿಕದಿಂದ ಬಂದುದೆಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮುತ್ತಾತ ಗಣಿ ಕೆಲಸಕ್ಕೆಂದು ಉತ್ತರ ಆರ್ಕಾಟಿನಿಂದ ಬಂದವರು. ಅಲ್ಲಿ ನಮ್ಮವರಾರೂ ಈಗ ಇಲ್ಲ. ನಮ್ಮ ಊರು ಯಾವುದೆಂದು ಬರೆಯಬೇಕು ಸಾರ್?” ಎಂದಳು.

ಆ ಪ್ರಶ್ನೆಗೆ ಉತ್ತರ ಸಸ್ಯಶಾಸ್ತ್ರದ ಪುಸ್ತಕದಲ್ಲಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೈಯಿಟ್ಟಿತು. 1894ರಲ್ಲಿ ಈ ರೈಲು ಬಂತು. ತಮಿಳು, ತೆಲುಗು ನಾಡುಗಳಿಂದ ಸಾವಿರಾರು ಜನ ಬಂದು ನೆಲದಾಳಕ್ಕಿಳಿದರು. ಚಾಂಪಿಯನ್ ರೀಫಿನ ಗಣಿ 3,000 ಮೀಟರಿಗಿಂತಲೂ ಆಳಕ್ಕೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಉಳಿದುದು ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದುಬಣ್ಣದ ಸೈನೈಡ್ ದಿಬ್ಬಗಳು, ಸಾಲುಮನೆಗಳು, ಮತ್ತು ಈ ಹಳಿ. ಆಸರೆಯೊಂದು ಬಿದ್ದಾಗ ಜನ ಮತ್ತೊಂದನ್ನು ಹಿಡಿದರು: ಚಿನ್ನಕ್ಕಾಗಿ ಹಾಕಿದ ರೈಲಿನಲ್ಲಿಯೇ ದಿನವೂ ಬೆಂಗಳೂರಿಗೆ ದುಡಿಯಲು ಹೊರಟರು.

“ಬೇರು ಬಿಟ್ಟ ಊರನ್ನೇ ಬರೆಯಮ್ಮ” ಎಂದೆ. ಹೇಳಿದ ಮೇಲೆ, ಇಷ್ಟು ಸುಲಭವಾಗಿ ಹೇಳಲು ನನಗೇನು ಅಧಿಕಾರವೆನಿಸಿತು. ಸ್ವಂತ ಊರುಳ್ಳವನಿಗೆ ಇಂಥ ಮಾತು ಸಲೀಸು.

ಬಳ್ಳಿಯ ವಿಷಯದಲ್ಲಿ ಮಾತ್ರ ನಾವು ಒಂದು ತೀರ್ಮಾನಕ್ಕೆ ಬಂದೆವು. ಬೇಲಿಯ ಪಕ್ಕದಲ್ಲಿ ಎರಡು ಎಳೆಯ ಹೊಂಗೆಯ ಸಸಿಗಳು ಅದರ ಭಾರಕ್ಕೆ ಬಾಗಿದ್ದುವು. ಅವನ್ನು ಬಿಡಿಸಿದೆವು. ಕತ್ತರಿಸಿದ ತುಂಡುಗಳನ್ನು ಮಣ್ಣಿನ ಮೇಲೆ ಬಿಡದೆ ಚೀಲಕ್ಕೆ ತುಂಬಿದೆವು. ತಂತಿಯ ಮೇಲಿದ್ದುದನ್ನು ಹಾಗೆಯೇ ಬಿಟ್ಟೆವು. ಇನ್ನೊಂದು ಗಿಡದ ಬೆಳಕನ್ನು ಕಸಿಯದಿರುವವರೆಗೆ ಅದು ಅಲ್ಲಿರಲಿ ಎಂದು ಆ ಹುಡುಗನೂ ಒಪ್ಪಿದನು.

ಹಿಂದಿರುಗುವಾಗ ಆ ಹುಡುಗಿಯ ತಂದೆ ನಿಲ್ದಾಣದವರೆಗೆ ಬಂದರು. ಅವರೂ ಬೆಂಗಳೂರಿಗೆ ಹೋಗಿಬರುವವರೇ. ಬಳ್ಳಿಯನ್ನು ತೋರಿಸಿದಾಗ, “ಇದರಲ್ಲಿ ಹೂ ಬಿಡುವುದು ನನಗೆ ಬಹಳ ಕಾಲ ತಿಳಿದಿರಲಿಲ್ಲ” ಎಂದು ನಕ್ಕರು. ಈ ಹೂ ಬೆಳಗಾಗುವಾಗ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುವಂತಹುದು. ಅವರ ಗಾಡಿ ಹೊರಡುವುದು ಬೆಳಕು ಹರಿಯುವ ಮುನ್ನ. ಅವರು ಮರಳುವುದು ಕತ್ತಲಾದ ಮೇಲೆ. ಆ ಬೇಲಿಯ ಹೂವನ್ನು ಅವರು ಕಾಣಬಲ್ಲುದು ಭಾನುವಾರ ಮಾತ್ರ.